ಮೊಣಕಾಲುದ್ದ ನೀರಿನ ಕೆಲಸ

ಏಪ್ರಿಲ್‌ನಲ್ಲಿ ಬೆಂಗಳೂರಿಗೆ ಮೊದಲ ಜೋರು ಮಳೆ ಬಿದ್ದಾಗ, ಆರಂಭದ ಕಾಲು ಗಂಟೆ ರಸ್ತೆಯಂಚಿಗೆ ಹರಿಯುವ ನೀರು ಕಪ್ಪಗಿರುತ್ತದೆ. ಚಳಿಗಾಲದಿಂದ ಡಾಂಬರಿನ ಮೇಲೆ ಕೂತಿದ್ದ ಟೈರಿನ ಪುಡಿ, ಬ್ರೇಕ್ ಸವೆದು ಉದುರಿದ ತಾಮ್ರ, ಸೋರಿದ ಆಯಿಲು, ಡೀಸೆಲ್ಲಿನ ಮಸಿ, ಕಟ್ಟಡಗಳ ಸಿಮೆಂಟು ದೂಳು, ಬೀದಿಯ ಸಗಣಿ ಎಲ್ಲವನ್ನೂ ಮಳೆ ಒಂದೇ ಏಟಿಗೆ ತೊಳೆದು ಮೋರಿಗೆ ಇಳಿಸುತ್ತದೆ. ಮಳೆ ನಿಂತ ಮೇಲೆ ಊರು ತೊಳೆದಿಟ್ಟಂತೆ ಕಾಣುತ್ತದೆ. ತೊಳೆದ ನೀರು ಹೋಗಿ ಸೇರುವುದು ತಗ್ಗಿನ ಯಾವುದೋ ಕೆರೆಯನ್ನು. ಮಳೆನೀರು ಶುದ್ಧ, ಅದನ್ನು ಕೆಡಿಸುವುದು ಒಳಚರಂಡಿಯ ನೀರು ಮಾತ್ರ ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಒಳಚರಂಡಿಯ ಒಂದು ಹನಿಯೂ ಬೆರೆಯದಿದ್ದರೂ, ಬರೀ ರಸ್ತೆ ತೊಳೆದ ನೀರೇ ಜೀವ ತೆಗೆಯಬಲ್ಲದು.

ಅಮೆರಿಕದ ಸಿಯಾಟಲ್ ನಗರದ ಸುತ್ತಲಿನ ತೊರೆಗಳಲ್ಲಿ ಇದು ಕಣ್ಣಿಗೆ ಕಾಣುವಂತೆ ಸಾಬೀತಾಯಿತು. ಕೋಹೊ ಎಂಬ ಜಾತಿಯ ಸಾಲ್ಮನ್ ಮೀನು ಪ್ರತಿ ವರ್ಷ ಮಳೆಗಾಲ ಶುರುವಾಗುವ ಹೊತ್ತಿಗೆ ಕಡಲು ಬಿಟ್ಟು, ತಾನು ಹುಟ್ಟಿದ ತೊರೆಗೆ ಮೊಟ್ಟೆಯಿಡಲು ಮರಳುತ್ತದೆ. ಅಲ್ಲಿನವರು ಹಣ ಸುರಿದು, ಕೆಟ್ಟುಹೋಗಿದ್ದ ತೊರೆಗಳನ್ನು ಮೀನಿಗಾಗಿಯೇ ಸರಿಪಡಿಸಿದರು. ಮೀನು ಬಂತು. ಆದರೆ ಮಳೆ ಬಿದ್ದ ಕೆಲವೇ ಗಂಟೆಗಳಲ್ಲಿ ದಿಕ್ಕು ತಪ್ಪಿದಂತೆ ಸುತ್ತಿ, ಬಾಯಿ ತೆರೆದು ಸತ್ತಿತು. ಸತ್ತ ಹೆಣ್ಣುಮೀನಿನ ಹೊಟ್ಟೆ ಸೀಳಿ ನೋಡಿದರೆ ಮೊಟ್ಟೆಗಳೆಲ್ಲ ಹಾಗೇ ಇದ್ದವು. ಕಾರಣ ಹುಡುಕಲು ಎರಡು ದಶಕದಷ್ಟು ಕಾಲ ಹಿಡಿಯಿತು. 2020ರ ಡಿಸೆಂಬರಿನಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾಲಯದ ಝೆನ್‌ಯು ಟಿಯಾನ್, ಎಡ್ವರ್ಡ್ ಕೊಲೊಡ್ಜೆ ಮತ್ತು ಸಂಗಡಿಗರು ‘ಸೈನ್ಸ್’ ಪತ್ರಿಕೆಯಲ್ಲಿ ಆ ವಿಷದ ಹೆಸರು ಹೇಳಿದರು. ಟೈರಿನ ರಬ್ಬರು ಬಿರಿಯದಿರಲೆಂದು ಬೆರೆಸುವ 6ಪಿಪಿಡಿ ಎಂಬ ರಾಸಾಯನಿಕ ಗಾಳಿಯ ಓಝೋನ್ ಜೊತೆ ಸೇರಿ 6ಪಿಪಿಡಿ-ಕ್ವಿನೋನ್ ಆಗುತ್ತದೆ. ಕೋಹೊ ಮೀನನ್ನು ಕೊಲ್ಲುತ್ತಿದ್ದದ್ದು ಅದು. ಜಗತ್ತಿನಾದ್ಯಂತ ಟೈರುಗಳಲ್ಲಿ ಈ ರಾಸಾಯನಿಕದ ಬಳಕೆಯಿದೆ.

ಆದರೆ ವಿಷದ ಹೆಸರು ತಿಳಿಯುವ ಮೊದಲೇ ಅಲ್ಲಿ ಮದ್ದು ಸಿಕ್ಕಿತ್ತು. ಹೆದ್ದಾರಿಯಿಂದ ಹರಿದ ಮಳೆನೀರನ್ನು ಸಂಶೋಧಕರು ಎರಡು ಪಾಲು ಮಾಡಿದರು. ಒಂದು ಪಾಲನ್ನು ಹಾಗೇ ಮೀನಿನ ತೊಟ್ಟಿಗೆ ಬಿಟ್ಟರು. ಇನ್ನೊಂದನ್ನು ಮಣ್ಣು ತುಂಬಿದ ಪೀಪಾಯಿಯ ಮೂಲಕ ಇಳಿಸಿ ಆಮೇಲೆ ಬಿಟ್ಟರು. ಆ ಮಣ್ಣಿನಲ್ಲಿ ಇದ್ದದ್ದು ಶೇ 60ರಷ್ಟು ಮರಳು, ಉಳಿದಂತೆ ಕಾಂಪೋಸ್ಟ್, ಮರದ ತೊಗಟೆಯ ಚೂರು, ಕುಡಿಯುವ ನೀರಿನ ಶುದ್ಧೀಕರಣ ಘಟಕದಲ್ಲಿ ಉಳಿಯುವ ಗಸಿ. ಹಾಗೇ ಬಿಟ್ಟ ನೀರಿನ ಮೀನೆಲ್ಲ ಒಂದು ದಿನದೊಳಗೆ ಸತ್ತವು. ಮಣ್ಣಿನಲ್ಲಿ ಇಳಿದು ಬಂದ ನೀರಿನ ಮೀನೆಲ್ಲ ಬದುಕಿದವು. 2015 ಮತ್ತು 2016ರಲ್ಲಿ ಪ್ರಕಟವಾದ ಈ ಪ್ರಯೋಗಗಳನ್ನು ಓದಿದಾಗ ನನಗೆ ಅನ್ನಿಸಿದ್ದು, ಇಷ್ಟು ಸುಲಭದ ವಸ್ತುವನ್ನು ನಮ್ಮ ನಗರಗಳು ಏಕೆ ಇಷ್ಟೊಂದು ದೂರ ಇಟ್ಟಿವೆ ಎಂದು.

ಮಣ್ಣು, ಬೇರು, ನಿಧಾನವಾದ ನೀರು ಇವು ಸೇರಿದಲ್ಲಿ ನಡೆಯುವ ಕೆಲಸ ಒಂದಲ್ಲ. ನೀರಿನ ಓಟ ತಗ್ಗಿದ ಕೂಡಲೇ ಅದು ಹೊತ್ತು ತಂದ ಮಣ್ಣಿನ ಕಣ ತಳಕ್ಕೆ ಕೂರುತ್ತದೆ. ರಸ್ತೆಯ ಸತು, ಸೀಸ, ತಾಮ್ರದ ದೊಡ್ಡ ಪಾಲು ಆ ಕಣಗಳಿಗೇ ಅಂಟಿರುವುದರಿಂದ ಅದೂ ಅಲ್ಲೇ ನಿಲ್ಲುತ್ತದೆ. ಎಣ್ಣೆಯಂಶವನ್ನು ಮಣ್ಣಿನ ಸಾವಯವ ಪದಾರ್ಥ ಹಿಡಿದಿಟ್ಟುಕೊಳ್ಳುತ್ತದೆ, ಸೂಕ್ಷ್ಮಜೀವಿಗಳು ಅದನ್ನು ದಿನಗಟ್ಟಲೆ ಕೂತು ಒಡೆಯುತ್ತವೆ. ಗಿಡದ ಪಾಲು ನಾವು ಅಂದುಕೊಂಡದ್ದಕ್ಕಿಂತ ಬೇರೆ. ಆಪು, ಜೊಂಡು, ಬಜೆಯಂಥ ಜೌಗಿನ ಸಸ್ಯಗಳ ಕಾಂಡದೊಳಗೆ ಟೊಳ್ಳು ನಾಳಗಳಿವೆ. ಎಲೆಯಿಂದ ಇಳಿದ ಗಾಳಿ ಈ ನಾಳಗಳಲ್ಲಿ ಬೇರಿನ ತುದಿಯವರೆಗೆ ಹೋಗುತ್ತದೆ. ಉಸಿರೇ ಇಲ್ಲದ ಕೆಸರಿನಲ್ಲಿ ಬೇರಿನ ಸುತ್ತ ಮಾತ್ರ ಕೂದಲೆಳೆಯಷ್ಟು ಆಮ್ಲಜನಕವಿರುವ ಜಾಗ ಉಂಟಾಗುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ಅಮೋನಿಯಾವನ್ನು ನೈಟ್ರೇಟ್ ಮಾಡುತ್ತವೆ. ಅದೇ ನೈಟ್ರೇಟ್ ಎರಡು ಬೆರಳಿನಾಚೆಗೆ ಗಾಳಿಯಿಲ್ಲದ ಕೆಸರಿಗೆ ಸರಿದರೆ, ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಸಾರಜನಕವಾಗಿಸಿ ಆಕಾಶಕ್ಕೆ ಬಿಡುತ್ತವೆ. ಜರ್ಮನಿಯ ಸಸ್ಯವಿಜ್ಞಾನಿ ಕೇಟೆ ಝೈಡೆಲ್ 1950ರ ದಶಕದಲ್ಲಿ ಜೊಂಡಿನ ಮೇಲೆ ಪ್ರಯೋಗ ಶುರುಮಾಡಿದಾಗ ಕೊಳೆನೀರಿನಲ್ಲಿ ಗಿಡ ಬದುಕುವುದೇ ಅನುಮಾನ ಎಂದವರಿದ್ದರು. ಇಂದು ಜಗತ್ತಿನ ಎಷ್ಟೋ ಕಟ್ಟಿದ ಜೌಗುಗಳು ಆಕೆಯ ಕೆಲಸದ ಮುಂದುವರಿಕೆ.

ರಂಜಕದ ಕತೆ ಮಾತ್ರ ಬೇರೆ. ಅದು ಅನಿಲವಾಗಿ ಹಾರಿಹೋಗುವುದಿಲ್ಲ. ಮಣ್ಣಿಗೆ ಅಂಟಿಕೊಳ್ಳುತ್ತದೆ ಅಥವಾ ಗಿಡದ ಮೈ ಸೇರುತ್ತದೆ. ಗಿಡ ಅಲ್ಲೇ ಕೊಳೆತರೆ ಮರಳಿ ನೀರಿಗೆ ಬರುತ್ತದೆ. ಹೀಗಾಗಿ ಜೌಗನ್ನು ಕಟ್ಟಿ ಕೈತೊಳೆದುಕೊಳ್ಳುವಂತಿಲ್ಲ. ಕೊಯ್ದು ಹೊರಗೆ ಸಾಗಿಸಲೇಬೇಕು, ತುಂಬಿದ ಹೂಳನ್ನು ತೆಗೆಯಲೇಬೇಕು. ಬೆಳ್ಳಂದೂರು ಕೆರೆಯಲ್ಲಿ ಎದ್ದು ರಸ್ತೆಗೆ ಹಾರಿದ ನೊರೆಯ ಹಿಂದೆ ಇದ್ದದ್ದು ಮಾರ್ಜಕಗಳು, ಅವುಗಳ ಜೊತೆ ಬಂದು ವರ್ಷಗಟ್ಟಲೆ ತಳದ ಕೆಸರಿನಲ್ಲಿ ಕೂಡಿಬಿದ್ದ ರಂಜಕ.

ಈಗ ನಮ್ಮ ಕೆರೆಗಳ ರಚನೆಯನ್ನು ನೋಡಿ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲೆ ಕೂತಿರುವ ಬೆಂಗಳೂರಿಗೆ ಹೇಳಿಕೊಳ್ಳುವಂಥ ನದಿಯಿಲ್ಲ. ಬಿದ್ದ ಮಳೆ ಮೂರು ಕಣಿವೆಗಳಾಗಿ ಇಳಿಯುತ್ತದೆ: ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಕಣಿವೆಗಳ ನೀರು ದಕ್ಷಿಣ ಪಿನಾಕಿನಿಗೆ, ವೃಷಭಾವತಿಯದು ಅರ್ಕಾವತಿಯ ಮೂಲಕ ಕಾವೇರಿಗೆ. ಈ ಇಳಿಜಾರಿಗೆ ಅಡ್ಡಲಾಗಿ ಹಿರಿಯರು ಏರಿ ಹಾಕಿ ಕೆರೆ ಕಟ್ಟಿದರು. ಒಂದರ ಕೋಡಿಯ ನೀರು ರಾಜಕಾಲುವೆಯಲ್ಲಿ ಹರಿದು ಮುಂದಿನದಕ್ಕೆ. ಏರಿಯ ಕಡೆ ಆಳ, ತೂಬು, ಕೋಡಿ. ನೀರು ಬರುವ ಕಡೆ ಮಾತ್ರ ಆಳವಿಲ್ಲ. ಅಲ್ಲಿ ಮೊಣಕಾಲುದ್ದದ ನೀರು, ಕೆಸರು, ಆಪು, ಜೇಕು, ನಡುವೆ ಅಲೆಯುವ ಕೊಕ್ಕರೆ. ಹಿನ್ನೀರಿನ ಈ ಅಂಗಳದಲ್ಲಿ ಎಮ್ಮೆ ಮಲಗುತ್ತಿತ್ತು, ನೀರು ಹಿಂದೆ ಸರಿದಾಗ ಸೊಪ್ಪು ತರಕಾರಿ ಬೆಳೆಯುತ್ತಿದ್ದರು. ಹೂಳು ಮೊದಲು ಕೂರುತ್ತಿದ್ದದ್ದೂ ಇಲ್ಲೇ, ಬೇಸಿಗೆಯಲ್ಲಿ ರೈತರು ಗಾಡಿಗಟ್ಟಲೆ ಹೊತ್ತು ಹೊಲಕ್ಕೆ ಹಾಕುತ್ತಿದ್ದದ್ದೂ ಅದನ್ನೇ. ಕೆರೆಯ ನೀರನ್ನು ತಿಳಿಗೊಳಿಸುತ್ತಿದ್ದ ಭಾಗ ಇದು. ನೋಡಲು ಅಂದವಿಲ್ಲ, ಕಾಲಿಟ್ಟರೆ ಹೂತುಹೋಗುತ್ತದೆ.

ನಗರ ಬೆಳೆದಾಗ ಮೊದಲು ಬಲಿಯಾದದ್ದು ಈ ಅಂಗಳ. ಕೆರೆಗಳೇ ಮಾಯವಾದ ಕತೆ ಎಲ್ಲರಿಗೂ ಗೊತ್ತು: ಧರ್ಮಾಂಬುಧಿ ಮೆಜೆಸ್ಟಿಕ್ ಬಸ್ ನಿಲ್ದಾಣವಾಯಿತು, ಸಂಪಂಗಿ ಕೆರೆ ಕಂಠೀರವ ಕ್ರೀಡಾಂಗಣವಾಯಿತು. ಉಳಿದ ಕೆರೆಗಳಲ್ಲಿ ನೀರಿನ ಹರವು ಕಾಣುತ್ತಿದ್ದುದರಿಂದ ಆಳದ ಭಾಗ ಹೇಗೋ ಉಳಿಯಿತು. ಬೇಸಿಗೆಯಲ್ಲಿ ಒಣಗುವ ತಲೆಭಾಗವನ್ನು ‘ಖಾಲಿ ಜಾಗ’ ಎಂದು ಬರೆದುಕೊಳ್ಳುವುದು ಸುಲಭವಾಯಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಿನ ನೆಲದಲ್ಲಿ ಎದ್ದ ಕಟ್ಟಡಗಳ ವಿರುದ್ಧದ ದಾವೆಯಲ್ಲಿ 2016ರ ಮೇ ತಿಂಗಳಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಕೆರೆಯ ಸುತ್ತ 75 ಮೀಟರ್ ಬಿಡಬೇಕೆಂದು ಹೇಳಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಅದನ್ನು ರದ್ದುಪಡಿಸಿದ್ದರಿಂದ ನಗರ ಯೋಜನೆಯ ಹಳೆಯ ಅಳತೆಗಳೇ ಮರಳಿದವು: ಕೆರೆಗೆ 30 ಮೀಟರ್, ರಾಜಕಾಲುವೆಗಳಿಗೆ ಅವುಗಳ ದರ್ಜೆಯಂತೆ 50, 25, 15 ಮೀಟರ್. ಎಷ್ಟು ಮೀಟರ್ ಎಂಬ ಜಗಳದಲ್ಲಿ, ಆ ಪಟ್ಟಿಯಲ್ಲಿ ಏನು ಬೆಳೆಯಬೇಕು ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ. ಕಟ್ಟಡವಿಲ್ಲದ ಜಾಗದಲ್ಲಿ ಕಟ್ಟಡದ ಅವಶೇಷ ಸುರಿದರೆ ನೀರಿಗೆ ಏನು ಲಾಭ?

ರಾಜಕಾಲುವೆಗಳ ಗತಿಯೂ ಇದೇ. ಬೆಂಗಳೂರಿನಲ್ಲಿ ಅವುಗಳ ಉದ್ದ 800 ಕಿಲೋಮೀಟರಿಗೂ ಹೆಚ್ಚು. ಮಣ್ಣಿನ ದಂಡೆ, ಹೊಂಗೆ, ಲಕ್ಕಿಗಿಡಗಳಿದ್ದ ಕಾಲುವೆಗಳಿಗೆ ಎರಡೂ ಕಡೆ ಕಾಂಕ್ರೀಟು ತಡೆಗೋಡೆ, ಬಹಳಷ್ಟು ಕಡೆ ತಳಕ್ಕೂ ಕಾಂಕ್ರೀಟು ಬಂದಿದೆ. ಮನೆಗಳು ದಂಡೆಗೇ ಅಂಟಿಕೊಂಡ ಇಕ್ಕಟ್ಟಿನಲ್ಲಿ ಗೋಡೆ ಬೇಕೇ ಬೇಕು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಜಾಗವಿರುವಲ್ಲೂ ಅದೇ ಗೋಡೆ ಎದ್ದಿದೆ. ನುಣುಪಾದ ಪೆಟ್ಟಿಗೆಯಲ್ಲಿ ನೀರು ಓಡುವ ವೇಗವೇ ಬೇರೆ. ಮೇಲಿನ ಬಡಾವಣೆ ಹತ್ತು ನಿಮಿಷದಲ್ಲಿ ಪಾರಾದರೆ, ಅದೇ ಹತ್ತು ನಿಮಿಷದಲ್ಲಿ ಕೆಳಗಿನ ಬಡಾವಣೆ ಮುಳುಗುತ್ತದೆ. 2022ರ ಸೆಪ್ಟೆಂಬರ್ 4ರ ರಾತ್ರಿಯಿಂದ 5ರ ಬೆಳಗಿನವರೆಗೆ ನಗರದಲ್ಲಿ 130 ಮಿ.ಮೀ.ಗೂ ಹೆಚ್ಚು ಮಳೆ ಸುರಿದು, ಮಹದೇವಪುರದ ಕಡೆ ಜನ ಟ್ರ್ಯಾಕ್ಟರು, ದೋಣಿ ಹತ್ತಿ ಮನೆಯಿಂದ ಹೊರಬಂದರು. ಒಂದು ಎಕರೆಗೆ 130 ಮಿ.ಮೀ. ಮಳೆ ಎಂದರೆ ಐದು ಲಕ್ಷ ಲೀಟರಿಗೂ ಹೆಚ್ಚು ನೀರು. ಅದನ್ನೆಲ್ಲ ಒಂದೇ ತಾಸಿನಲ್ಲಿ ಕೆಳಗಿನವರ ಮನೆಬಾಗಿಲಿಗೆ ಕಳಿಸುವ ಏರ್ಪಾಡನ್ನು ನಾವೇ ಕಟ್ಟಿದ್ದೇವೆ.

ಇದಕ್ಕೆ ಉತ್ತರವಾಗಿ ನಾನು ಜನರನ್ನು ಕರೆದುಕೊಂಡು ಹೋಗಬಯಸುವ ಜಾಗ ಜಕ್ಕೂರು ಕೆರೆ. ಯಲಹಂಕ ಕೆರೆಯ ಕೆಳಗೆ, ರಾಚೇನಹಳ್ಳಿ ಕೆರೆಯ ಮೇಲೆ, ಸುಮಾರು 160 ಎಕರೆ ಹರವಿನ ಕೆರೆ ಅದು. ಅದರ ತಲೆಭಾಗದಲ್ಲಿ ಜಲಮಂಡಳಿಯ ಕೊಳಚೆನೀರು ಶುದ್ಧೀಕರಣ ಘಟಕವಿದೆ. ಆರಂಭದಲ್ಲಿ ಅದರ ಸಾಮರ್ಥ್ಯ ದಿನಕ್ಕೆ 1 ಕೋಟಿ ಲೀಟರ್. ಘಟಕದಿಂದ ಹೊರಬಂದ ನೀರು ನೇರ ಕೆರೆಗೆ ಬೀಳುವುದಿಲ್ಲ. ಆಪು, ಜೊಂಡು ಆಳೆತ್ತರ ಬೆಳೆದ ಹಲವು ಎಕರೆ ಜೌಗಿನಲ್ಲಿ ಹರಡಿ, ತಡೆದು, ಸೋಸಿ ಆಮೇಲೆ ಕೆರೆ ಸೇರುತ್ತದೆ. ಘಟಕ ಕೊಳೆಯ ಭಾರವನ್ನು ಇಳಿಸುತ್ತದೆ, ಘಟಕದ ಕೈಗೆ ಸಿಗದೆ ಉಳಿದ ಸಾರಜನಕ, ರಂಜಕವನ್ನು ಜೌಗು ತಗ್ಗಿಸುತ್ತದೆ, ಇನ್ನೂ ಉಳಿದದ್ದನ್ನು ಕೆರೆಯ ಪಾಚಿ ತಿನ್ನುತ್ತದೆ, ಪಾಚಿಯನ್ನು ಮೀನು ತಿನ್ನುತ್ತದೆ. ಭಾರತೀಯ ವಿಜ್ಞಾನ ಸಂಸ್ಥೆಯ ಟಿ.ವಿ. ರಾಮಚಂದ್ರ ಮತ್ತು ಅವರ ತಂಡ ಇಲ್ಲಿನ ನೀರನ್ನು ಹಂತ ಹಂತವಾಗಿ ಪರೀಕ್ಷಿಸಿ, ಘಟಕ–ಜೌಗು–ಕೆರೆ ಮೂರೂ ಕೂಡಿದ ಈ ಏರ್ಪಾಡನ್ನು ಇತರ ಕೆರೆಗಳಿಗೆ ಮಾದರಿಯಾಗಿ ಮುಂದಿಟ್ಟಿತು. ಬೇಸಿಗೆಯಲ್ಲೂ ಕೆರೆಯಲ್ಲಿ ನೀರಿರುವುದರಿಂದ ಸುತ್ತಲಿನ ಅಂತರ್ಜಲಕ್ಕೆ ಆಸರೆಯಿದೆ. ಹೆಜ್ಜಾರ್ಲೆ, ಬಣ್ಣದ ಕೊಕ್ಕರೆ ಬರುತ್ತವೆ, ಆಪಿನೊಳಗೆ ನೇರಳೆ ಜಂಬುಕೋಳಿ ಸಂಸಾರ ಹೂಡುತ್ತದೆ, ಮೀನುಗಾರರು ಬಲೆ ಬೀಸುತ್ತಾರೆ.

ಜಕ್ಕೂರಿನ ಬಗ್ಗೆ ಮೆಚ್ಚುಗೆಯ ಮಾತಷ್ಟೇ ಆಡಿದರೆ ಅನ್ಯಾಯವಾಗುತ್ತದೆ. ಜೌಗಿಗೆ ಒಂದು ತಾಳಿಕೆಯಿದೆ. ಸಂಸ್ಕರಿಸಿದ ನೀರು ದಿನವೂ ಒಂದೇ ಹದದಲ್ಲಿ ಬಂದರೆ ಅದು ಕೆಲಸ ಮಾಡುತ್ತದೆ. ಒಳಚರಂಡಿ ಒಡೆದು ಕಚ್ಚಾ ಕೊಳಚೆ ರಾಜಕಾಲುವೆಗೆ ನುಗ್ಗಿದರೆ, ಬಿರುಮಳೆಯ ಪ್ರವಾಹ ನೇರವಾಗಿ ಹಾಯ್ದರೆ, ವರ್ಷವಿಡೀ ಹಿಡಿದಿಟ್ಟ ಕೆಸರು ಒಂದೇ ರಾತ್ರಿಯಲ್ಲಿ ಎದ್ದು ಕೆರೆಗೆ ಹೋಗುತ್ತದೆ. ಅದಕ್ಕಾಗಿ ಜೌಗಿನ ಬಾಯಲ್ಲಿ ಕಸ ಹಿಡಿಯುವ ಜಾಲರಿ, ಹೂಳು ಕೂರುವ ಹೊಂಡ, ಮಿತಿ ಮೀರಿದ ನೀರು ಪಕ್ಕದಿಂದ ಹಾದುಹೋಗಲು ಬಳಸುಗಾಲುವೆ ಇರಬೇಕು. ಅಲ್ಲದೆ ಹಸಿರೆಲ್ಲ ಜೌಗಲ್ಲ. ಕೆರೆಯ ಮೇಲೆ ಚಾಪೆಯಂತೆ ಹಬ್ಬುವ ಕತ್ತೆಕಿವಿ, ಅಂತರಗಂಗೆಗಳು ಪೋಷಕಾಂಶ ಹೀರುವುದು ನಿಜ, ಆದರೆ ಬೆಳಕನ್ನೂ ಗಾಳಿಯನ್ನೂ ತಡೆದು, ಅಲ್ಲೇ ಕೊಳೆತು, ಹೀರಿದ್ದನ್ನೆಲ್ಲ ವಾಪಸು ಕೊಡುತ್ತವೆ. ಆಪನ್ನು ಕೂಡ ವರ್ಷಕ್ಕೊಮ್ಮೆಯಾದರೂ ಕೊಯ್ಯದಿದ್ದರೆ ಅದೇ ಗತಿ. ಕೊಯ್ದದ್ದನ್ನು ದನಕ್ಕೆ ಹಾಕುವ ಮುನ್ನ ಲೋಹದ ಅಂಶ ಪರೀಕ್ಷಿಸಬೇಕು. ನಗರದ ನೀರು ಕುಡಿದು ಬೆಳೆದ ಹುಲ್ಲು ಅದು.

ನನಗೆ ಹೆಚ್ಚು ನೋವು ಕೊಡುವುದು ಬೇರೊಂದು ಸಂಗತಿ. ಕೆರೆ ಉಳಿಸಬೇಕೆಂಬ ಒಳ್ಳೆಯ ಮನಸ್ಸಿನಿಂದಲೇ ಹಿನ್ನೀರಿನ ಅಂಗಳವನ್ನು ಅಳಿಸುತ್ತಿದ್ದೇವೆ. ಕೆರೆ ಅಭಿವೃದ್ಧಿ ಎಂದರೆ ನೀರು ಖಾಲಿ ಮಾಡುವುದು, ಜೆಸಿಬಿ ಇಳಿಸಿ ತಳವನ್ನು ಒಂದೇ ಸಮ ಅಗೆಯುವುದು, ಅಗೆದ ಮಣ್ಣಿನಿಂದ ಸುತ್ತಲೂ ಎತ್ತರದ ದಂಡೆ ಕಟ್ಟಿ ಅದರ ಮೇಲೆ ನಡಿಗೆಪಥ, ಬೆಂಚು, ದೀಪದ ಕಂಬ ಹಾಕುವುದು ಎಂದಾಗಿಬಿಟ್ಟಿದೆ. ಇಳಿಜಾರಿನ ಕೆರೆ ಸುತ್ತಲೂ ನೇರ ಅಂಚಿನ ತೊಟ್ಟಿಯಾಗುತ್ತದೆ. ಅಂಚು ಕಡಿದಾದರೆ ಆಪು ಬೇರೂರುವುದಿಲ್ಲ, ಕೊಕ್ಕರೆ ನಿಲ್ಲುವುದಿಲ್ಲ, ಅಕ್ಕಪಕ್ಕದ ಮಳೆನೀರು ದಂಡೆ ದಾಟಿ ಒಳಗೆ ಬರಲಾಗುವುದಿಲ್ಲ. ಆಮೇಲೆ ನೀರು ಹಸಿರಾಗಿ ನಾತ ಹೊಡೆದಾಗ ಕಾರಂಜಿ, ಗಾಳಿಯಂತ್ರ ತರುತ್ತಾರೆ. ಕೆಲವು ಕೆರೆಗಳಲ್ಲಿ ನಾಗರಿಕರು ಕಾಬಾಳೆ, ಲಾವಂಚ ನೆಟ್ಟ ತೇಲುದ್ವೀಪಗಳನ್ನು ಬಿಟ್ಟಿದ್ದಾರೆ, ಜೆ.ಪಿ. ನಗರದ ಪುಟ್ಟೇನಹಳ್ಳಿ ಕೆರೆಯಲ್ಲಿ ಸುತ್ತಲಿನ ನಿವಾಸಿಗಳೇ ಇದನ್ನು ಮಾಡಿ ನೋಡಿದ್ದಾರೆ. ಅವರ ಶ್ರದ್ಧೆ ದೊಡ್ಡದು, ಹಕ್ಕಿ ಮೀನುಗಳಿಗೆ ಅದರಿಂದ ಉಪಕಾರವಿದೆ. ಆದರೆ ಕೆರೆಯ ಹರವಿನಲ್ಲಿ ಎಳ್ಳಷ್ಟಿರುವ ದ್ವೀಪಗಳಿಂದ, ಇಡೀ ತಲೆಭಾಗ ಮಾಡುತ್ತಿದ್ದ ಕೆಲಸವನ್ನು ನಿರೀಕ್ಷಿಸಲಾಗದು.

ಕಾಂಕ್ರೀಟು ಹಾಕಿದ್ದನ್ನು ತೆಗೆಯುವುದುಂಟೇ ಎಂದು ಕೇಳುವವರಿಗೆ ಸಿಂಗಪುರದ ಉದಾಹರಣೆಯಿದೆ. ನೆಲದ ಬೆಲೆ ನಮ್ಮದಕ್ಕಿಂತ ಎಷ್ಟೋ ಹೆಚ್ಚಿರುವ ಊರು ಅದು. ಅಲ್ಲಿನ ಬಿಶಾನ್–ಆಂಗ್ ಮೊ ಕಿಯೊ ಉದ್ಯಾನದ ಪಕ್ಕ ಕಲ್ಲಾಂಗ್ ನದಿ 2.7 ಕಿ.ಮೀ. ಉದ್ದದ ನೇರ ಕಾಂಕ್ರೀಟು ಕಾಲುವೆಯಲ್ಲಿ ಹರಿಯುತ್ತಿತ್ತು. 2012ರ ಹೊತ್ತಿಗೆ ಆ ಕಾಲುವೆಯನ್ನು ಒಡೆದು, ಉದ್ಯಾನದೊಳಗೆ 3.2 ಕಿ.ಮೀ. ಬಳುಕಿ ಹರಿಯುವ ಹೊಳೆಯನ್ನಾಗಿ ಮಾಡಿದರು. ದಂಡೆಯನ್ನು ಬೇರಿನಿಂದ, ಕಲ್ಲಿನಿಂದ, ಹುಲ್ಲಿನ ಹೆಣಿಗೆಯಿಂದ ಹಿಡಿದು ನಿಲ್ಲಿಸುವ ಹತ್ತು ಬಗೆಯ ವಿಧಾನಗಳನ್ನು ಮೊದಲು ಒಂದು ಸಣ್ಣ ತೊರೆಯಲ್ಲಿ ಪರೀಕ್ಷಿಸಿ ಆಮೇಲೆ ಕೈಹಾಕಿದರು. ಮಳೆಯಿಲ್ಲದಾಗ ಮಕ್ಕಳು ಕಾಲಿಳಿಸಿ ಆಡುವ ತೊರೆ. ಜೋರು ಮಳೆ ಬಂದರೆ ಹುಲ್ಲುಗಾವಲಿನ ಮೇಲೆ ನೂರು ಮೀಟರಿನಷ್ಟು ಅಗಲಕ್ಕೆ ಹರಡುತ್ತದೆ, ಎಚ್ಚರಿಕೆಯ ಸೈರನ್ ಕೂಗುತ್ತದೆ, ಜನ ಮೇಲೆ ಹತ್ತುತ್ತಾರೆ. ಹಳೆಯ ಕಾಲುವೆಗಿಂತ ಹೆಚ್ಚು ನೀರನ್ನು ಅದು ಹಿಡಿಯುತ್ತದೆ. ನೀರುನಾಯಿಗಳು ಅಲ್ಲಿ ಮರಿ ಹಾಕಿವೆ.

ಮಳೆ ಎಷ್ಟು ಬಿದ್ದರೂ ಗಿಡ ಮಣ್ಣು ಕಾಯುತ್ತದೆಂದು ಹೇಳುವವರನ್ನು ನಂಬಬಾರದು. ಚೀನಾ ದೇಶ 2015ರಿಂದ ‘ಸ್ಪಂಜು ನಗರ’ಗಳನ್ನು ದೊಡ್ಡ ಪ್ರಮಾಣದಲ್ಲಿ ಕಟ್ಟತೊಡಗಿತು. ಅಂಥ ಯೋಜನೆಗೆ ಬಹಳ ಹಣ ಸುರಿದಿದ್ದ ಝೆಂಗ್‌ಝೌ ನಗರದಲ್ಲಿ 2021ರ ಜುಲೈ 20ರಂದು ಒಂದೇ ತಾಸಿನಲ್ಲಿ 201.9 ಮಿ.ಮೀ. ಮಳೆ ಬಿತ್ತು. ಸುರಂಗ ರೈಲಿನೊಳಗೆ ನೀರು ಏರಿ ಜನ ಸತ್ತರು. ಅಂಥ ದಿನಕ್ಕೆ ಬೇಕಾದದ್ದು ಮುನ್ನೆಚ್ಚರಿಕೆ, ತೆರವು, ದೊಡ್ಡ ಕಾಲುವೆ. ಉಳಿದ ದಿನಗಳ ಮಳೆಯೇ ಬೇರುಗಳ ಪಾಲಿನದು, ವರ್ಷದ ಕೊಳೆಯಲ್ಲಿ ದೊಡ್ಡ ಪಾಲನ್ನು ಕೆರೆಗೆ ಒಯ್ಯುವುದೂ ಆ ಸಾಧಾರಣ ಮಳೆಗಳೇ. ಸೊಳ್ಳೆಯ ಭಯವೂ ಸಹಜ, ಡೆಂಗಿ ಕಂಡ ಊರು ನಮ್ಮದು. ಮೊಟ್ಟೆಯಿಂದ ಸೊಳ್ಳೆಯಾಗಲು ವಾರದ ಹತ್ತಿರ ಬೇಕು. ಮಳೆನೀರನ್ನು ಸೋಸಿ ಇಂಗಿಸಲು ಬೀದಿಬದಿಯಲ್ಲಿ ಗಿಡ ನೆಟ್ಟು ಮಾಡುವ ತಗ್ಗಿನ ಪಾತಿ, ಅಂದರೆ ಮಳೆಪಾತಿ, ಸರಿಯಾಗಿದ್ದರೆ ಅದರಲ್ಲಿ ನೀರು ಒಂದೆರಡು ದಿನದಲ್ಲಿ ಇಂಗಿಹೋಗುತ್ತದೆ. ಕೆರೆಯ ಜೌಗಿನಲ್ಲಿ ಮೀನು, ಕಪ್ಪೆ, ಏರೋಪ್ಲೇನ್ ಚಿಟ್ಟೆಯ ಮರಿಗಳು ಸೊಳ್ಳೆಮರಿಗಳನ್ನು ತಿನ್ನುತ್ತವೆ. ಡೆಂಗಿ ಹರಡುವ ಸೊಳ್ಳೆ ಹುಟ್ಟುವುದು ಮನೆಯ ಸುತ್ತಮುತ್ತ ಕಟ್ಟಿನಿಂತ ನೀರಿನಲ್ಲೇ ಹೆಚ್ಚು.

ಈ ಮಳೆಪಾತಿಗಳು ಕೆರೆಗಿಂತ ಮೇಲೆ, ಬೀದಿಯಲ್ಲೇ ಶುರುವಾಗಬೇಕು. ರಸ್ತೆಗಿಂತ ಒಂದು ಗೇಣು ತಗ್ಗಿನ ಪಾತಿ, ಎರಡು ಮೂರು ಅಡಿ ಮರಳುಮಿಶ್ರಿತ ಮಣ್ಣು, ಅದರಲ್ಲಿ ಒಣಗಿದರೂ ನೆನೆದರೂ ಬದುಕುವ ಲಾವಂಚ, ಕಾಬಾಳೆ, ಜೇಕು. ನೀರು ಒಳಬರಲು ಅಂಚುಕಲ್ಲಿನಲ್ಲಿ ಬಿಟ್ಟ ಕಿಂಡಿ. ಸಿಯಾಟಲ್‌ನ ಒಂದು ಬೀದಿಯಲ್ಲಿ 2001ರಲ್ಲಿ ಹೀಗೆ ಮಾಡಿದಾಗ ಮಳೆಗಾಲದ ಹರಿವು ಶೇ 99ರಷ್ಟು ನಿಂತಿತು. ಅಲ್ಲಿನ ಜಿನುಗು ಮಳೆಯ ಲೆಕ್ಕ ನಮ್ಮ ಗುಡುಗು ಮಳೆಗೆ ಹೊಂದುವುದಿಲ್ಲ, ನಮ್ಮ ಕೆಂಪು ಜೇಡಿ ಅಷ್ಟು ಬೇಗ ಕುಡಿಯುವುದೂ ಇಲ್ಲ. ಅದಕ್ಕೆಂದೇ ನಮ್ಮಲ್ಲಿ ಇಂಗುಬಾವಿ ಇದೆ. ಮೂರಡಿ ಅಗಲದ, ಇಪ್ಪತ್ತು ಮೂವತ್ತಡಿ ಆಳದ, ಸಿಮೆಂಟು ಬಳೆ ಇಳಿಸಿದ ಬಾವಿಯನ್ನು ತೋಡಲು ತಲೆಮಾರುಗಳಿಂದ ಇದೇ ಕಸುಬಿನ ಮಣ್ಣುವಡ್ಡರು ನಗರದ ಸುತ್ತ ಇನ್ನೂ ಇದ್ದಾರೆ. ಪಾತಿಯಲ್ಲಿ ಸೋಸಿದ ನೀರನ್ನೇ ಅದಕ್ಕೆ ಬಿಡಬೇಕು; ರಸ್ತೆಯ ಕಪ್ಪುನೀರನ್ನು ನೇರ ಅಂತರ್ಜಲಕ್ಕೆ ಇಳಿಸುವುದು ಅಪರಾಧಕ್ಕೆ ಸಮ. ವರ್ಷಕ್ಕೆ ಸುಮಾರು 970 ಮಿ.ಮೀ. ಮಳೆಯ ಈ ಊರಿನಲ್ಲಿ 30x40 ನಿವೇಶನವೊಂದರ ಮೇಲೆ ಬೀಳುವುದು ಒಂದು ಲಕ್ಷ ಲೀಟರಿಗೂ ಹೆಚ್ಚು. 2009ರಿಂದ ಮಳೆಕೊಯ್ಲು ಕಡ್ಡಾಯ ಮಾಡಿದ ಕಾನೂನಿದೆ. ಅದೇ ಊರಿನ ಪಾರ್ಕುಗಳನ್ನು ನೋಡಿ: ರಸ್ತೆಗಿಂತ ಎರಡಡಿ ಎತ್ತರಕ್ಕೆ ಮಣ್ಣು ತುಂಬಿ, ಸುತ್ತ ಕಲ್ಲಿನ ಕಟ್ಟೆ ಕಟ್ಟಿ, ಬಿದ್ದ ಮಳೆ ಮಣ್ಣಿನ ಸಮೇತ ರಸ್ತೆಗೆ ಹರಿಯುವಂತೆ ಮಾಡಿದ್ದಾರೆ. ಬಡಾವಣೆಯ ಅತಿ ದೊಡ್ಡ ಇಂಗುಜಾಗವನ್ನು ನಾವೇ ದಿಬ್ಬವಾಗಿಸಿದ್ದೇವೆ. ಇದನ್ನು ತಗ್ಗಿಸಲು ಹೊಸ ತಂತ್ರಜ್ಞಾನ ಬೇಡ.

ಬೇಕಾದದ್ದು ನೋಡಿಕೊಳ್ಳುವ ಕೈ. ಹಿಂದೆ ಪ್ರತಿ ಕೆರೆಗೆ ಒಬ್ಬ ನೀರುಗಂಟಿ ಇದ್ದ, ತೂಬು ಎತ್ತುವುದು, ಕಾಲುವೆ ಸವರುವುದು ಅವನ ಹೊಣೆ, ಅದಕ್ಕೆ ಊರು ಅವನಿಗೆ ಕಾಳು ಅಳೆದು ಕೊಡುತ್ತಿತ್ತು. ಇಂದಿನ ಕೆರೆ ಕಾಮಗಾರಿಯ ಅಂದಾಜುಪಟ್ಟಿಯಲ್ಲಿ ಬೇಲಿ, ಗೇಟು, ಇಂಟರ್‌ಲಾಕ್ ಟೈಲು, ದೀಪಗಳಿಗೆಲ್ಲ ಒಂದೊಂದು ಸಾಲಿರುತ್ತದೆ. ಹೂಳುಹೊಂಡವನ್ನು ಮಳೆಗೆ ಮುಂಚೆ ಒಮ್ಮೆ, ನಂತರ ಒಮ್ಮೆ ಬಳಿಯಲು ಎಷ್ಟು, ಫೆಬ್ರುವರಿಯಲ್ಲಿ ಆಪು ಕೊಯ್ದು ಸಾಗಿಸಲು ಎಷ್ಟು, ಮಳೆಪಾತಿಯ ಮೇಲ್ಪದರದ ಎರಡಂಗುಲ ಕೆಸರನ್ನು ಕೆರೆದು ತೆಗೆಯಲು ಎಷ್ಟು, ಅದನ್ನು ಐದು ವರ್ಷ ಯಾರು ಮಾಡಬೇಕು ಎಂಬ ಸಾಲುಗಳು ಸಾಮಾನ್ಯವಾಗಿ ಕಾಣುವುದಿಲ್ಲ. ನಿಮ್ಮ ವಾರ್ಡಿನ ಕೆರೆಗೆ ಹಣ ಮಂಜೂರಾದ ಸುದ್ದಿ ಬಂದಾಗ ಆ ಪಟ್ಟಿಯನ್ನು ಕೇಳಿ ಪಡೆಯಿರಿ. ಅದರ ನಕ್ಷೆಯಲ್ಲಿ ನೀರು ಒಳಬರುವ ಬದಿಯನ್ನು ಹುಡುಕಿ. ಅಲ್ಲಿ ನಡಿಗೆಪಥ ಬರೆದಿದ್ದರೆ ಅದನ್ನು ಇನ್ನೊಂದು ಬದಿಗೆ ಸರಿಸಿ, ಆ ಜಾಗವನ್ನು ಮೊಣಕಾಲುದ್ದ ನೀರಿಗೆ ಬಿಡಿಸಿಕೊಳ್ಳಲು ಟೆಂಡರ್ ಕರೆಯುವವರೆಗೂ ಸಮಯವಿರುತ್ತದೆ.